ಅಳಿಯನಲ್ಲ, ಮಗಳ ಗಂಡ

ಒಂದೇ ಸಂಗತಿಯನ್ನು ಮಾತು ಬದಲಿಸಿ ಹೇಳಿ, ಅದೇನೋ ಬೇರೆಯೇ ಎಂದು ನಂಬಿಸಹೊರಟವರನ್ನು ಕಂಡರೆ ‘ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯಿತು’ ಎಂದು ನಾವು ನಗುತ್ತೇವೆ. ಎರಡೂ ಒಂದೇ ತಾನೆ ಎಂಬುದು ಆ ಗಾದೆಯ ಕುಚೋದ್ಯ. ಎರಡೂ ಒಂದೇ ಅಲ್ಲವೆಂದು ಒಂದಿಡೀ ರಾಜ್ಯದ ಸರದಾರರು ಹಟ ಹಿಡಿದು ಕೂತ ಪ್ರಸಂಗವೂ ಇತಿಹಾಸದಲ್ಲಿದೆ. ಹನ್ನೆರಡನೇ ಶತಮಾನದಲ್ಲಿ ಗೀ ದ ಲುಸಿನ್ಯಾನ್ ಎಂಬ ಫ್ರೆಂಚ್ ಮನೆತನಸ್ಥನೊಬ್ಬ ಜೆರುಸಲೇಮಿನ ರಾಜಕುಮಾರಿ ಸಿಬಿಲ್ಲಾಳನ್ನು ಮದುವೆಯಾದ. (ಇಂಗ್ಲಿಷಿನವರ ಬಾಯಲ್ಲಿ ಅವನು ‘ಗೈ’, ಅವನ ಊರಿನವರು ‘ಗೀ’ ಎನ್ನುತ್ತಾರೆ.) ಅವನು ರಾಜಮನೆತನದ ಮಗಳ ಗಂಡ ಎಂಬುದನ್ನು ಎಲ್ಲರೂ ಒಪ್ಪಿದರು, ಮದುವೆ ನಡೆದುಹೋಗಿತ್ತಲ್ಲ, ಒಪ್ಪದೆ ವಿಧಿಯಿರಲಿಲ್ಲ. ಆದರೆ ಆ ಮನೆಯ ಅಳಿಯ, ಅಂದರೆ ಮನೆಯ ಪರವಾಗಿ ನಾಲ್ಕು ಜನರ ಮುಂದೆ ಮಾತಾಡಬಲ್ಲವನು, ಎಂದು ಒಪ್ಪಲು ದೊಡ್ಡ ಸರದಾರರಲ್ಲಿ ಹಲವರು ಕೊನೆಯವರೆಗೂ ತಯಾರಾಗಲಿಲ್ಲ. 1186ರಲ್ಲಿ ಅವನ ತಲೆಗೆ ಕಿರೀಟ ಬಂತು. 1187ರ ಅಕ್ಟೋಬರ್ 2ರಂದು ಜೆರುಸಲೇಮ್ ನಗರ ಈಜಿಪ್ಟ್ ಮತ್ತು ಡಮಾಸ್ಕಸ್ಸಿನ ದೊರೆ ಸಲಾದಿನನ ಕೈಸೇರಿತು. ನಡುವೆ ಇದ್ದದ್ದು ಹೆಚ್ಚುಕಡಿಮೆ ಒಂದು ವರ್ಷ.

ಈ ಒಂದು ವರ್ಷದ ಕಥೆಯನ್ನು ಹೇಳುವವರೆಲ್ಲ ಗೀಯನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿದ್ದಾರೆ: ರೂಪವಂತ, ಅಲ್ಪಮತಿ, ಕೊನೆಗೆ ಮಾತಾಡಿದವನ ಮಾತೇ ಸರಿಯೆನ್ನುವವನು. ರಿಡ್ಲಿ ಸ್ಕಾಟ್ 2005ರ ‘ಕಿಂಗ್‌ಡಮ್ ಆಫ್ ಹೆವನ್’ ಚಿತ್ರದಲ್ಲಿ ಅವನಿಗೆ ಟೆಂಪ್ಲರ್ ಸನ್ಯಾಸಿಯೋಧರ ಅಂಗಿ ತೊಡಿಸಿ ಅಪ್ಪಟ ಖಳನನ್ನಾಗಿ ಮಾಡಿದ್ದಾನೆ. ಬ್ರಹ್ಮಚರ್ಯದ ವ್ರತ ತೊಟ್ಟ ಆ ಪಂಥದಲ್ಲಿ ಹೆಂಡತಿಯಿಂದಲೇ ರಾಜನಾದವನಿಗೆ ಜಾಗವೆಲ್ಲಿ ಎಂದು ಚಿತ್ರ ಕೇಳಿಕೊಳ್ಳುವುದಿಲ್ಲ. ಸಿನಿಮಾದವರನ್ನು ದೂರುವುದೂ ಪೂರ್ತಿ ನ್ಯಾಯವಲ್ಲ, ಯಾಕೆಂದರೆ ಗೀಯ ಈ ಚಿತ್ರಣ ಬಂದಿರುವುದು ಮೂಲ ಬರಹಗಳಿಂದಲೇ. ಆ ಕಾಲದ ಮುಖ್ಯ ಚರಿತ್ರಕಾರ ಟೈರ್ ಪಟ್ಟಣದ ಆರ್ಚ್‌ಬಿಷಪ್ ವಿಲಿಯಂ. ರಾಜ್ಯದ ಚಾನ್ಸಲರ್ ಆಗಿದ್ದವನು, ಗೀಯ ಎದುರಾಳಿ ಟ್ರಿಪೊಲಿಯ ಕೌಂಟ್ ರೇಮಂಡನ ಕಡೆಯವನು. ಇನ್ನೊಂದು ಹಳೆಯ ಫ್ರೆಂಚ್ ವೃತ್ತಾಂತ ಎರ್ನೂಲ್ ಎಂಬವನ ಹೆಸರಿನೊಂದಿಗೆ ತಳುಕು ಹಾಕಿಕೊಂಡಿದೆ. ಅವನು ಇಬೆಲಿನ್ ಮನೆತನದ ಬೇಲಿಯನನ ಊಳಿಗದವನು. ಆ ಮನೆತನಕ್ಕೂ ಗೀಗೂ ಎಣ್ಣೆ ಸೀಗೆಕಾಯಿ. ಅಂದರೆ ಗೀಯ ಬಗ್ಗೆ ನಾವು ಓದುತ್ತಿರುವುದರಲ್ಲಿ ಬಹುಪಾಲು ಅವನ ವೈರಿಗಳ ಕಡತ. ಆ ಕಡತವನ್ನು ಎಸೆಯಬೇಕಾಗಿಲ್ಲ. ಅದನ್ನೇ ತಾಳ್ಮೆಯಿಂದ ಓದಿದರೆ ಬರೆದವರು ಹೇಳಬಯಸದ ಸಂಗತಿಯೊಂದು ಅದರೊಳಗೇ ಸಿಗುತ್ತದೆ. ಗೀ ದಡ್ಡನಾಗಿದ್ದನೋ ಜಾಣನಾಗಿದ್ದನೋ, ಅವನ ಕಿರೀಟ ಬಂದ ದಾರಿಯೇ ಅವನ ಕೈಯಿಂದ ಒಂದು ಆಯುಧವನ್ನು ಕಿತ್ತುಕೊಂಡಿತ್ತು. ಸುಮ್ಮನೆ ಕೂತು ಕಾಯುವ ಸ್ವಾತಂತ್ರ್ಯವೇ ಆ ಆಯುಧ. ಹುಟ್ಟಿನಿಂದ ರಾಜನಾದವನು ಕಾದರೆ ಅದು ವಿವೇಕ ಎನಿಸಿಕೊಳ್ಳುತ್ತದೆ, ಹೆಂಡತಿಯಿಂದ ರಾಜನಾದವನು ಕಾದರೆ ಹೇಡಿತನ. 1187ರ ಜುಲೈನಲ್ಲಿ ಹತ್ತೀನ್ ಬಯಲಿನಲ್ಲಿ ಸಲಾದಿನನ ಎದುರು ಅವನು ಸೋತದ್ದಕ್ಕೆ ಮೂಲಕಾರಣ ಇದು ಎಂಬುದು ನನ್ನ ವಾದ.

ಮೊದಲು ಜೆರುಸಲೇಮಿನವರಿಗೆ ಹೊರಗಿನ ಅಳಿಯ ಯಾಕೆ ಬೇಕಾಯಿತು ಎಂಬುದನ್ನು ನೋಡಬೇಕು. 1099ರಲ್ಲಿ ಮೊದಲ ಕ್ರುಸೇಡಿನ, ಅಂದರೆ ಧರ್ಮಯುದ್ಧದ, ಕ್ರೈಸ್ತರು ನಗರವನ್ನು ಹಿಡಿದು ಕಟ್ಟಿದ ಈ ಪುಟ್ಟ ರಾಜ್ಯಕ್ಕೆ ಒಂದು ಕಡೆ ಸಮುದ್ರ, ಉಳಿದ ಕಡೆಗಳಲ್ಲಿ ಬಹುಮಟ್ಟಿಗೆ ಮುಸ್ಲಿಂ ಅರಸೊತ್ತಿಗೆಗಳು. ಯುದ್ಧ, ಜ್ವರ, ಕುದುರೆಯಿಂದ ಬೀಳುವುದು ಹೀಗೆ ಗಂಡಸರು ಬೇಗ ಸಾಯುತ್ತಿದ್ದರು. ಆಸ್ತಿ ಹೆಣ್ಣುಮಕ್ಕಳ ಪಾಲಾಗುತ್ತಿತ್ತು. ಜಹಗೀರು ಅಂದರೆ ದಂಡಿಗೆ ಕುದುರೆ, ಕತ್ತಿ, ಆಳು ಒದಗಿಸುವ ಕರಾರು. ಆ ಕರಾರನ್ನು ಪೂರೈಸಲು ವಾರಸುದಾರಳಿಗೆ ಗಂಡನೊಬ್ಬ ಬೇಕೇ ಬೇಕು, ಇದು ಅಲ್ಲಿನ ಕಾನೂನು. ರಾಜ್ಯದ ಮಟ್ಟಿಗೂ ಇದೇ ಲೆಕ್ಕ. ಎರಡನೇ ಬಾಲ್ಡ್ವಿನನಿಗೆ ನಾಲ್ವರೂ ಹೆಣ್ಣುಮಕ್ಕಳು. ಹಿರಿಯ ಮಗಳು ಮೆಲಿಸಾಂದಳಿಗೆ ಫ್ರಾನ್ಸಿನ ಆಂಜೂ ಪ್ರಾಂತದ ಕೌಂಟ್ ಫುಲ್ಕನನ್ನು ತಂದು 1129ರಲ್ಲಿ ಮದುವೆ ಮಾಡಿದರು. ಎರಡು ತಲೆಮಾರಿನ ನಂತರ ನಾಲ್ಕನೇ ಬಾಲ್ಡ್ವಿನ್ 1174ರಲ್ಲಿ, 13ನೇ ವಯಸ್ಸಿನಲ್ಲಿ ಪಟ್ಟಕ್ಕೆ ಬಂದಾಗ ಅವನಿಗೆ ಕುಷ್ಠ ತಗುಲಿತ್ತು. ಆಟದಲ್ಲಿ ಉಳಿದ ಹುಡುಗರು ಉಗುರಿನಿಂದ ಚಿವುಟಿದರೂ ಇವನ ತೋಳಿಗೆ ನೋವೇ ಆಗುತ್ತಿಲ್ಲ ಎಂಬುದನ್ನು ಮೊದಲು ಗಮನಿಸಿದವನು ಆಗ ಅವನ ಗುರುವಾಗಿದ್ದ ಇದೇ ವಿಲಿಯಂ. ರಾಜನಿಗೆ ಮಕ್ಕಳಾಗುವಂತಿರಲಿಲ್ಲ. ಹಾಗಾಗಿ ಅಕ್ಕ ಸಿಬಿಲ್ಲಾಳ ಗಂಡ ಯಾರು ಎಂಬುದೇ ಮುಂದಿನ ರಾಜ ಯಾರು ಎಂಬ ಪ್ರಶ್ನೆಯಾಯಿತು. ಇಟಲಿಯ ಮೊಂಫೆರಾತ್ ಮನೆತನದ ವಿಲಿಯಂನನ್ನು 1176ರಲ್ಲಿ ಕರೆತಂದರು. ಮರುವರ್ಷ ಅವನು ಬಸುರಿ ಹೆಂಡತಿಯನ್ನು ಬಿಟ್ಟು ತೀರಿಕೊಂಡ. ಬರ್ಗಂಡಿಯ ಡ್ಯೂಕ್ ಬರುತ್ತಾನೆಂದು ಕಾದರು, ಬರಲಿಲ್ಲ. 1180ರ ಈಸ್ಟರ್ ಹೊತ್ತಿಗೆ ಆಂಟಿಯೋಕಿನ ದೊರೆಯೂ ಟ್ರಿಪೊಲಿಯ ರೇಮಂಡನೂ ದಂಡು ಕಟ್ಟಿಕೊಂಡು ಬರುತ್ತಿದ್ದಾರೆ, ತನ್ನನ್ನು ಇಳಿಸುತ್ತಾರೆ ಎಂಬ ಭಯ ರಾಜನಿಗೆ ಹತ್ತಿ, ಅವಸರವಸರವಾಗಿ ಅಕ್ಕನನ್ನು ಗೀಗೆ ಕೊಟ್ಟ ಎಂದು ಚರಿತ್ರಕಾರ ವಿಲಿಯಂ ಬರೆಯುತ್ತಾನೆ. ಗೀಯೋ ಪ್ವಾತೂ ಪ್ರಾಂತದ ಒಂದು ಪುಂಡ ಮನೆತನದ ಕಿರಿಮಗ. 1168ರಲ್ಲಿ ಸಾಲ್ಸ್‌ಬರಿಯ ಅರ್ಲ್ ಪ್ಯಾಟ್ರಿಕನನ್ನು ಹೊಂಚುಹಾಕಿ ಕೊಂದದ್ದು ಈ ಮನೆಯವರೇ. ಊರಲ್ಲಿ ಅವನಿಗೆ ಆಸ್ತಿ ಸಿಗುವ ಆಸೆಯಿರಲಿಲ್ಲ. ಇಲ್ಲಿ ಅವನ ಅಣ್ಣ ಎಮೆರಿ ಮೊದಲೇ ಬಂದು ನೆಲೆಯೂರಿದ್ದ. ಬಳುವಳಿಯಾಗಿ ಜಾಫಾ ಮತ್ತು ಅಸ್ಕಲಾನ್ ಪಟ್ಟಣಗಳು ಸಿಕ್ಕವು.

ಮುಂದಿನದನ್ನೆಲ್ಲ ಅರ್ಥ ಮಾಡಿಕೊಳ್ಳಲು 1183ರ ಶರತ್ಕಾಲದ ಕೆಲವು ವಾರಗಳು ಸಾಕು. ಕಣ್ಣು ಮಂಜಾಗಿ, ಕೈಕಾಲು ಬಿದ್ದುಹೋಗಿದ್ದ ಬಾಲ್ಡ್ವಿನ್ ಆ ವರ್ಷ ಗೀಯನ್ನು ರಾಜಪ್ರತಿನಿಧಿಯಾಗಿ ನೇಮಿಸಿದ. ಸೆಪ್ಟೆಂಬರ್ ಕೊನೆಗೆ ಸಲಾದಿನ್ ಜೋರ್ಡಾನ್ ನದಿ ದಾಟಿ ಬಂದ. ಕ್ರೈಸ್ತರ ದಂಡು ಅಂದು ಅಸಾಧಾರಣವಾಗಿ ದೊಡ್ಡದಿತ್ತು: 1,300 ಅಶ್ವಯೋಧರು, 15,000ಕ್ಕೂ ಹೆಚ್ಚು ಕಾಲಾಳುಗಳು ಎಂಬುದು ವಿಲಿಯಂ ಕೊಡುವ ಲೆಕ್ಕ. ಗೀ ಬುಗ್ಗೆಗಳ ಬಳಿ ನೀರು ಹಿಡಿದು ಠಾಣ್ಯ ಹೂಡಿದ, ಕದಲಲಿಲ್ಲ. ಸಲಾದಿನನ ಕುದುರೆಯವರು ಸುತ್ತಲಿನ ಹಳ್ಳಿಗಳನ್ನು ಸುಟ್ಟರು, ಕೆಣಕಿದರು, ಇವರು ಕೆಣಕಿಸಿಕೊಳ್ಳಲಿಲ್ಲ. ಹೆಚ್ಚುಕಡಿಮೆ ಒಂದು ವಾರ ಕಳೆಯಿತು. ದವಸ ಮುಗಿದು ಸಲಾದಿನ್ ಹಿಂದಿರುಗಿದ. ಒಂದು ಊರೂ ಕೈಬಿಟ್ಟುಹೋಗಲಿಲ್ಲ, ದಂಡು ಹಾಗೇ ಉಳಿಯಿತು. ಆ ನಾಡಿನ ಯುದ್ಧಶಾಸ್ತ್ರದ ಪ್ರಕಾರ ಇದು ಗೆಲುವು. ವರ್ಷಕ್ಕಿಷ್ಟು ತಿಂಗಳೆಂದು ಕೂಡುವ ಸಲಾದಿನನ ಸೇನೆ ಸುಗ್ಗಿಯ ಹೊತ್ತಿಗೆ ಕರಗಿಹೋಗುತ್ತಿತ್ತು. ಅದು ಕರಗುವವರೆಗೆ ತಮ್ಮ ದಂಡನ್ನು ಉಳಿಸಿಕೊಂಡವರು ಗೆದ್ದಂತೆ. ಆದರೆ ದಂಡಿನೊಳಗೇ ಗೊಣಗಾಟ ಎದ್ದಿತು. ಇಷ್ಟು ದೊಡ್ಡ ಸೇನೆ ಇಟ್ಟುಕೊಂಡು ಒಂದು ಏಟನ್ನೂ ಹಾಕದವನು ರಾಜನಾಗುವನೇ ಎಂದರು. ವಿಲಿಯಂ ಇಲ್ಲಿ ಒಂದು ಮಾತು ಬಿಟ್ಟುಕೊಡುತ್ತಾನೆ: ಗೆದ್ದರೆ ಹೆಸರು ಜಾಫಾದ ಕೌಂಟನಿಗೆ, ಅಂದರೆ ಗೀಗೆ, ಹೋಗುತ್ತದೆಂಬ ಹೊಟ್ಟೆಕಿಚ್ಚಿನಿಂದ ಕೆಲವು ಸರದಾರರೇ ಯುದ್ಧ ಆಗದಂತೆ ನೋಡಿಕೊಂಡರು ಎಂಬ ಮಾತು ಅಂದು ಹರಡಿತ್ತಂತೆ. ತಡೆದವರೂ ಅವರೇ, ಹೋರಾಡಲಿಲ್ಲವೆಂದು ದೂರಿದವರೂ ಅವರೇ!

ರಾಜ ಗೀಯನ್ನು ಅಧಿಕಾರದಿಂದ ಇಳಿಸಿದ. ನವೆಂಬರ್ 20ರಂದು ಸಿಬಿಲ್ಲಾಳ ಮೊದಲ ಗಂಡನ ಮಗನಿಗೆ, ಇನ್ನೂ ಆರು ತುಂಬಿರದ ಹುಡುಗನಿಗೆ, ಸಹರಾಜನಾಗಿ ಕಿರೀಟ ತೊಡಿಸಲಾಯಿತು. ಸಿಬಿಲ್ಲಾಳ ಮದುವೆಯನ್ನೇ ಮುರಿಯುವ ಯೋಚನೆ ಹೊರಟಿತು. ಗೀ ಅಸ್ಕಲಾನ್ ಕೋಟೆಗೆ ಹೋಗಿ ಬಾಗಿಲು ಹಾಕಿಕೊಂಡ. ಕುಷ್ಠರೋಗಿ ರಾಜ ತಾನೇ ಅಲ್ಲಿಗೆ ಹೋಗಿ ಕೋಟೆಯ ಬಾಗಿಲನ್ನು ಕೈಯಿಂದ ತಟ್ಟಿದ, ಊರಿನ ಜನ ಗೋಡೆಯ ಮೇಲೆ ನಿಂತು ನೋಡಿದರು, ಬಾಗಿಲು ತೆರೆಯಲಿಲ್ಲ. ಅದೇ ಚಳಿಗಾಲದ ಇನ್ನೊಂದು ದೃಶ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸಲಾದಿನ್ ಕೆರಾಕ್ ಕೋಟೆಯನ್ನು ಮುತ್ತಿದ ಸುದ್ದಿ ಬಂತು. ಕಣ್ಣು ಕಾಣದ, ಕುದುರೆ ಏರಲಾರದ ಬಾಲ್ಡ್ವಿನ್ ಡೋಲಿಯಲ್ಲಿ ಮಲಗಿ ಹೊರಟ; ರೇಮಂಡ್ ದಂಡನ್ನು ನಡೆಸಿದ; ಒಬ್ಬ ಸರದಾರನೂ ಗೊಣಗಲಿಲ್ಲ. ಈ ದಂಡು ಹತ್ತಿರ ಬರುತ್ತಿದ್ದಂತೆ ಸಲಾದಿನ್ ಮುತ್ತಿಗೆ ಬಿಟ್ಟುಹೋದ. ಇಲ್ಲಿಯೂ ಯುದ್ಧ ಆಗಲಿಲ್ಲ, ಆದರೂ ಯಾರೂ ರಾಜನನ್ನು ಹೇಡಿ ಎನ್ನಲಿಲ್ಲ. ಅದೇ ಸೇನೆ, ಅದೇ ವೈರಿ, ಎರಡು ತಿಂಗಳ ಅಂತರ. ಗಟ್ಟಿಮುಟ್ಟಾದ ಗೀಯ ಮಾತಿಗೆ ಇಲ್ಲದ ತೂಕ, ಡೋಲಿಯೊಳಗಿನಿಂದ ಬಂದ ಕ್ಷೀಣ ದನಿಗೆ ಇತ್ತು. ಸ್ವಭಾವವೊಂದನ್ನೇ ಹಿಡಿದು ಈ ವ್ಯತ್ಯಾಸವನ್ನು ವಿವರಿಸಲು ಬರುವುದಿಲ್ಲ.

1185ರಲ್ಲಿ ಬಾಲ್ಡ್ವಿನ್ ತೀರಿಕೊಂಡ; ಮರುವರ್ಷ ಆ ಮಗುವೂ ಹೋಯಿತು. ಹಾಗೇನಾದರೂ ಆದರೆ ಪೋಪ್, ಜರ್ಮನ್ ಚಕ್ರವರ್ತಿ, ಫ್ರಾನ್ಸ್ ಮತ್ತು ಇಂಗ್ಲೆಂಡಿನ ರಾಜರು ಸೇರಿ ಸಿಬಿಲ್ಲಾ ಮತ್ತು ಅವಳ ಮಲತಂಗಿ ಇಸಬೆಲ್ಲಾ ಇಬ್ಬರಲ್ಲಿ ಒಬ್ಬಳನ್ನು ಆರಿಸಬೇಕೆಂದು ಸರದಾರರು ಆಣೆ ಮಾಡಿದ್ದರೆಂದು ಹಳೆಯ ಫ್ರೆಂಚ್ ವೃತ್ತಾಂತ ಹೇಳುತ್ತದೆ. ಸಿಬಿಲ್ಲಾ ಯಾರ ಪತ್ರಕ್ಕೂ ಕಾಯಲಿಲ್ಲ. ರಾಜಲಾಂಛನಗಳಿದ್ದ ಪೆಟ್ಟಿಗೆಯ ಕೀಲಿಗಳು ಪೇಟ್ರಿಯಾರ್ಕ್ ಹೆರಾಕ್ಲಿಯಸ್, ಟೆಂಪ್ಲರ್ ಪಂಥದ ಒಡೆಯ ಜೆರಾರ್ಡ್ ದ ರಿಡ್‌ಫೋರ್ಟ್, ಹಾಸ್ಪಿಟಲರ್ ಪಂಥದ ಒಡೆಯ ರೋಜರ್ ಈ ಮೂವರ ಬಳಿ ಇದ್ದವು. ಮೊದಲ ಇಬ್ಬರು ಅವಳ ಕಡೆ. ರೋಜರ್ ಒಪ್ಪದೆ, ಕಾಟ ತಡೆಯಲಾಗದೆ ಕೊನೆಗೆ ಕೀಲಿಯನ್ನು ಎಸೆದುಬಿಟ್ಟನಂತೆ. ಅವಳ ಬೆಂಬಲಿಗರಿಗೂ ಗೀ ಬೇಕಿರಲಿಲ್ಲ; ಅವನನ್ನು ಬಿಡುವುದಾದರೆ ಪಟ್ಟ ಕಟ್ಟುತ್ತೇವೆ ಎಂದರು. ಆಗಲಿ, ಆದರೆ ಮುಂದಿನ ಗಂಡನನ್ನು ಆರಿಸುವ ಹಕ್ಕು ನನ್ನದು ಎಂದಳು ಆಕೆ. ಪವಿತ್ರ ಸಮಾಧಿಯ ಚರ್ಚಿನಲ್ಲಿ ಕಿರೀಟಧಾರಣೆ ಮುಗಿದ ಮೇಲೆ, ರಾಜ್ಯ ನಡೆಸಬಲ್ಲ ಗಂಡಸೊಬ್ಬನಿಗೆ ಇದನ್ನು ಕೊಡಿ ಎಂದು ಎರಡನೇ ಕಿರೀಟವನ್ನು ಅವಳ ಕೈಗಿತ್ತರು. ಅವಳು ಗೀಯನ್ನು ಹತ್ತಿರ ಕರೆದು ಮಂಡಿಯೂರಿಸಿ ಅವನ ತಲೆಗೇ ಇಟ್ಟಳು. ಮಾತು ತಪ್ಪಿದಳು ಎನ್ನುವಂತೆಯೂ ಇರಲಿಲ್ಲ. ಈ ಪ್ರಕರಣದಲ್ಲಿ ನನಗೆ ಮೆಚ್ಚುಗೆಯಾಗುವ ಏಕೈಕ ರಾಜಕಾರಣಿ ಈಕೆ. ಆದರೆ ಅವಳ ಜಾಣತನದ ಬೆಲೆ ತೆತ್ತವನು ಅವಳ ಗಂಡ: ಈ ಕಿರೀಟ ಹೆಂಡತಿ ಇಟ್ಟದ್ದು, ಅವಳು ಬಿಟ್ಟರೆ ಇವನು ಯಾರೂ ಅಲ್ಲ ಎಂಬುದನ್ನು ಇಡೀ ರಾಜ್ಯ ಕಣ್ಣಾರೆ ಕಂಡಿತು.

ನಾಬ್ಲುಸಿನಲ್ಲಿ ಸೇರಿದ್ದ ವಿರೋಧಿ ಸರದಾರರು ತಂಗಿ ಇಸಬೆಲ್ಲಾಳ ಗಂಡ ಹಂಫ್ರಿಗೆ ಪಟ್ಟ ಕಟ್ಟಲು ಹೊರಟರು. ಒಬ್ಬ ಮಗಳ ಗಂಡನ ಬದಲು ಇನ್ನೊಬ್ಬ ಮಗಳ ಗಂಡ, ಅಷ್ಟೇ ವ್ಯತ್ಯಾಸ. ಹಂಫ್ರಿಗೆ ರಾಜನಾಗುವುದು ಬೇಡವಾಗಿತ್ತು; ರಾತ್ರೋರಾತ್ರಿ ಓಡಿಹೋಗಿ ಸಿಬಿಲ್ಲಾಳ ಕಾಲಿಗೆ ಬಿದ್ದ. ಮಿಕ್ಕವರು ಹಲ್ಲು ಕಚ್ಚಿ ಶರಣಾದರು. ಇಬೆಲಿನ್ ಮನೆತನದ ಬಾಲ್ಡ್ವಿನ್ ಮಾತ್ರ ಜಹಗೀರನ್ನೇ ಮಗನಿಗೆ ಬಿಟ್ಟು ನಾಡು ತೊರೆದ. ರೇಮಂಡ್ ತನ್ನ ಹೆಂಡತಿಯ ಊರಾದ ತಿಬೇರಿಯಾಸಿಗೆ ಹೋಗಿ ಕೂತು, ಸಲಾದಿನನ ಜತೆ ತನ್ನದೇ ಪ್ರತ್ಯೇಕ ಒಪ್ಪಂದ ಮಾಡಿಕೊಂಡ. ಕೆರಾಕಿನ ಒಡೆಯ, ಶಾತಿಯೋನಿನ ರೇನಾಲ್ಡ್, ಒಪ್ಪಂದ ಮುರಿದು ಮುಸ್ಲಿಂ ವರ್ತಕರ ಸಾರ್ಥವನ್ನು ದೋಚಿದ. ಮಾಲು ಹಿಂದಿರುಗಿಸೆಂದು ಗೀ ಆಜ್ಞಾಪಿಸಿದರೆ, ನಿನ್ನ ನೆಲಕ್ಕೆ ನೀನು ಹೇಗೋ ನನ್ನ ನೆಲಕ್ಕೆ ನಾನು ಹಾಗೆ ಎಂಬರ್ಥದ ಉತ್ತರ ಬಂತು. ಈ ರೇನಾಲ್ಡನೂ ಎರಡು ಸಲ ಮದುವೆಯಿಂದಲೇ ಮೇಲೆ ಬಂದವನು: ಮೊದಲು ಆಂಟಿಯೋಕ್, ಆಮೇಲೆ ಕೆರಾಕ್. ಅವನಿಗೆ ಗೀಯ ಕಿರೀಟದ ತೂಕ ಎಷ್ಟೆಂದು ತಕ್ಕಡಿಯಿಲ್ಲದೆ ಗೊತ್ತಿತ್ತು.

1187ರ ಜುಲೈ 2ರಂದು ಸಲಾದಿನ್ ತಿಬೇರಿಯಾಸ್ ಪಟ್ಟಣವನ್ನು ಹಿಡಿದ. ಕೋಟೆಯೊಳಗೆ ಉಳಿದವಳು ರೇಮಂಡನ ಹೆಂಡತಿ ಎಷೀವಾ. ಕ್ರೈಸ್ತರ ದಂಡು ನೀರು ಸಮೃದ್ಧವಾಗಿದ್ದ ಸಫ್ಫೂರಿಯಾದಲ್ಲಿ ಬೀಡುಬಿಟ್ಟಿತ್ತು. ಸುಮಾರು 1,200 ಅಶ್ವಯೋಧರು, ಎಲ್ಲ ಸೇರಿ 20,000ದ ಆಸುಪಾಸು ಎಂದು ಅಂದಾಜು. ಅಲ್ಲಿಂದ ತಿಬೇರಿಯಾಸಿಗೆ ಸುಮಾರು 25 ಕಿಲೋಮೀಟರ್, ಜುಲೈ ಬಿಸಿಲು, ದಾರಿಯಲ್ಲಿ ಇಡೀ ದಂಡಿಗೆ ಸಾಲುವಷ್ಟು ನೀರಿಲ್ಲ. ಸಭೆಯಲ್ಲಿ ರೇಮಂಡನೇ ಎದ್ದು, ಊರು ನನ್ನದು, ಒಳಗಿರುವವಳು ನನ್ನ ಹೆಂಡತಿ, ಹೋದರೆ ಹೋಗಲಿ, ದಂಡನ್ನು ಕದಲಿಸಬೇಡಿ ಎಂದ. ಗೀ ಒಪ್ಪಿದ. ಸಭೆ ಮುರಿಯಿತು. ರಾತ್ರಿ ರಿಡ್‌ಫೋರ್ಟ್ ಒಬ್ಬನೇ ಗುಡಾರಕ್ಕೆ ಬಂದ. ಅವನು ಹೇಳಿದನೆಂದು ಫ್ರೆಂಚ್ ವೃತ್ತಾಂತ ದಾಖಲಿಸುವ ವಾದದ ತಿರುಳನ್ನು ಗಮನಿಸಬೇಕು. ಯುದ್ಧತಂತ್ರದ ಮಾತು ಅದರಲ್ಲಿಲ್ಲ. ರೇಮಂಡ್ ದ್ರೋಹಿ; ನೀನು ಈಗಷ್ಟೇ ರಾಜನಾದವನು; ಇಷ್ಟು ದೊಡ್ಡ ಸೇನೆ ಇಟ್ಟುಕೊಂಡು ಕೂಗಳತೆಯ ಊರನ್ನು ಕಳೆದುಕೊಂಡರೆ ನಿನಗೆ ಎಂಥ ಅವಮಾನ! ನಾಲ್ಕು ವರ್ಷದ ಹಿಂದೆ ಗೀ ಇದೇ ನೆಲದಲ್ಲಿ, ಇದೇ ವೈರಿಯ ಎದುರು, ಕಾದು ಕೂತಿದ್ದ. ಅದಕ್ಕೆ ಅಧಿಕಾರ ಹೋಯಿತು, ಹೆಂಡತಿಯೂ ಹೋಗುವುದರಲ್ಲಿದ್ದಳು. ಅಂದು ಅವನನ್ನು ಇಳಿಸಿದಾಗ ಲಾಭವಾದದ್ದು ರೇಮಂಡನಿಗೆ. ಈಗ ಸುಮ್ಮನೆ ಕೂರು ಎನ್ನುತ್ತಿರುವವನೂ ರೇಮಂಡ್. ಇನ್ನೂ ಒಂದು ಸಂಗತಿಯಿತ್ತು. ಆರ್ಚ್‌ಬಿಷಪ್ ಬೆಕೆಟ್‌ನ ಕೊಲೆಯ ಪ್ರಾಯಶ್ಚಿತ್ತವಾಗಿ ಇಂಗ್ಲೆಂಡಿನ ಎರಡನೇ ಹೆನ್ರಿ ಕಳಿಸಿ ಟೆಂಪ್ಲರುಗಳ ಬಳಿ ಇಡಿಸಿದ್ದ ಹಣವನ್ನು ಒಡೆಸಿ ರಿಡ್‌ಫೋರ್ಟ್ ಈ ದಂಡಿಗೆ ಸಂಬಳದಾಳುಗಳನ್ನು ಸೇರಿಸಿದ್ದ. ಆ ಹಣ ಸುಮ್ಮನೆ ಕೂತದ್ದಕ್ಕೆ ಖರ್ಚಾಯಿತೆಂದು ಹೆನ್ರಿಗೆ ಬರೆಯುವುದು ಹೇಗೆ? (ರಿಡ್‌ಫೋರ್ಟನಿಗೆ ರೇಮಂಡನ ಮೇಲಿದ್ದ ಹಗೆಯೂ ಮದುವೆಯದೇ. ಕೊಡಿಸುತ್ತೇನೆಂದಿದ್ದ ವಾರಸುದಾರಳನ್ನು ರೇಮಂಡ್ ಪೀಸಾದ ವರ್ತಕನೊಬ್ಬನಿಗೆ ಅವಳ ತೂಕದ ಚಿನ್ನ ಪಡೆದು ಕೊಟ್ಟನೆಂಬ ಕಥೆಯಿದೆ.) ಬೆಳಗಾಗುವ ಮುನ್ನ ಹೊರಡುವ ಆಜ್ಞೆಯಾಯಿತು.

ಮುಂದಿನದು ಬಹಳ ಸಲ ಬರೆದಾಗಿದೆ. ಜುಲೈ 3ರ ಇಡೀ ದಿನ ಬಾಣಗಳ ನಡುವೆ ನಡಿಗೆ, ಮಸ್ಕಾನಾದ ಬಯಲಲ್ಲಿ ಹನಿ ನೀರಿಲ್ಲದ ರಾತ್ರಿ, ಬೆಳಗ್ಗೆ ಒಣಹುಲ್ಲಿಗೆ ಬೆಂಕಿಯಿಟ್ಟು ಎಬ್ಬಿಸಿದ ಹೊಗೆ. ಕಾಲಾಳುಗಳು ಬಾಯಾರಿ ಸಾಲು ಮುರಿದು ಗುಡ್ಡ ಹತ್ತಿದರು. ಜುಲೈ 4ರ ಮಧ್ಯಾಹ್ನದ ಹೊತ್ತಿಗೆ ಹತ್ತೀನಿನ ಜೋಡಿ ಕೊಂಬಿನಂಥ ಗುಡ್ಡದ ಮೇಲೆ ಗೀಯ ಕೆಂಪು ಗುಡಾರ ಉರುಳಿತು. ದಂಡಿನ ಜತೆ ಒಯ್ದಿದ್ದ ಪವಿತ್ರ ಶಿಲುಬೆ ಸಲಾದಿನನ ವಶವಾಯಿತು. ಸೆರೆಸಿಕ್ಕ ಗೀಗೆ ಸಲಾದಿನ್ ಹಿಮ ಹಾಕಿದ ತಣ್ಣನೆಯ ನೀರು ಕೊಡಿಸಿ ಪಕ್ಕದಲ್ಲಿ ಕೂರಿಸಿಕೊಂಡ, ರೇನಾಲ್ಡನನ್ನು ಅಲ್ಲೇ ಕತ್ತರಿಸಿದ. ಅರಸರು ಅರಸರನ್ನು ಕೊಲ್ಲುವ ವಾಡಿಕೆಯಿಲ್ಲ ಎಂದು ಗೀಗೆ ಧೈರ್ಯ ಹೇಳಿದನಂತೆ. ಗೀಯನ್ನು ಸಂದೇಹವಿಲ್ಲದೆ ಅರಸನೆಂದು ಒಪ್ಪಿದವರಲ್ಲಿ ಸಲಾದಿನ್ ಒಬ್ಬ ಎಂಬುದು ಈ ಕಥೆಯ ಕಹಿ ಹಾಸ್ಯ.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಬಲವಾದದ್ದು ಸಲಾದಿನನದೇ. ಈಜಿಪ್ಟ್ ಅವನದಾಗಿತ್ತು, ಡಮಾಸ್ಕಸ್ ಅವನದಾಗಿತ್ತು, 1183ರಲ್ಲಿ ಅಲೆಪ್ಪೊ ಸೇರಿತು, 1186ರ ಹೊತ್ತಿಗೆ ಮೊಸೂಲ್ ತಲೆಬಾಗಿತು. ಇಷ್ಟೆಲ್ಲ ಒಂದೇ ಕೈಗೆ ಬಂದ ಮೇಲೆ ಜೆರುಸಲೇಮಿನ ಸಿಂಹಾಸನದಲ್ಲಿ ಯಾರು ಕೂತಿದ್ದರೂ ಕೊನೆ ಇದೇ ಆಗುತ್ತಿತ್ತಲ್ಲವೇ? ರಾಜ್ಯ ಸೊರಗುತ್ತಿತ್ತು, ನಿಜ. ಆದರೆ ಸೊರಗುವುದು ಬೇರೆ, ಒಂದೇ ದಿನದಲ್ಲಿ ಬೀಳುವುದು ಬೇರೆ. ದಂಡು ಕಟ್ಟಲು ಕೋಟೆಗಳ ಕಾವಲಿನವರನ್ನೆಲ್ಲ ಬಳಿದು ತಂದಿದ್ದರು. ಆ ದಂಡು ಹತ್ತೀನಿನಲ್ಲಿ ನಾಶವಾದ ಕಾರಣಕ್ಕೇ ಜುಲೈ 10ಕ್ಕೆ ಆಕ್ರೆ, ಆಗಸ್ಟಿನಲ್ಲಿ ಬೈರೂತ್, ಸೆಪ್ಟೆಂಬರಿನಲ್ಲಿ ಅಸ್ಕಲಾನ್ ಸಾಲಾಗಿ ಉದುರಿದವು. ಸಫ್ಫೂರಿಯಾದ ನೀರಿನ ಬಳಿ ದಂಡು ಉಳಿದಿದ್ದರೆ ಆ ವರ್ಷ ತಿಬೇರಿಯಾಸ್ ಹೋಗುತ್ತಿತ್ತು. ಬಹುಶಃ ಅಷ್ಟೇ.

ಇನ್ನೊಂದು ಆಕ್ಷೇಪ ಫುಲ್ಕನದು. ಅವನೂ ಮದುವೆಯಿಂದ ರಾಜನಾದವನು, 1131ರಿಂದ 1143ರಲ್ಲಿ ಬೇಟೆಯ ಕುದುರೆಯಿಂದ ಬಿದ್ದು ಸಾಯುವವರೆಗೆ ಆಳಿದ. ಮದುವೆಯ ಕಿರೀಟವೇ ದೋಷವಾಗಿದ್ದರೆ ಫುಲ್ಕ್ ಹೇಗೆ ನಿಂತ? ಫುಲ್ಕ್ ಬಂದದ್ದು ಆಂಜೂವಿನಂಥ ದೊಡ್ಡ ಪ್ರಾಂತವನ್ನು ಮಗನಿಗೆ ಬಿಟ್ಟು. ಅವನ ಬೆನ್ನಿಗೆ ಹಣ, ಹೆಸರು, ಪಶ್ಚಿಮದ ನೆಂಟಸ್ತಿಕೆ ಎಲ್ಲ ಇತ್ತು. ಅಂಥವನೂ ಹೆಂಡತಿಯನ್ನು ಬದಿಗೊತ್ತಿ ತಾನೊಬ್ಬನೇ ಆಳಲು ನೋಡಿದಾಗ 1134ರಲ್ಲಿ ಜಾಫಾದ ಹ್ಯೂ ದಂಗೆಯೆದ್ದ. ದಂಗೆ ಅಡಗಿತು, ಆದರೆ ಆಮೇಲೆ ಸಣ್ಣಪುಟ್ಟ ಕೆಲಸವನ್ನೂ ಫುಲ್ಕ್ ಮೆಲಿಸಾಂದಳನ್ನು ಕೇಳದೆ ಮಾಡುತ್ತಿರಲಿಲ್ಲ ಎಂದು ವಿಲಿಯಂ ಬರೆದಿಟ್ಟಿದ್ದಾನೆ. ಫುಲ್ಕ್ ಉಳಿದದ್ದು ತಾನು ಮಗಳ ಗಂಡ ಎಂಬುದನ್ನು ಒಪ್ಪಿಕೊಂಡದ್ದರಿಂದ. ಮುಂದಿನ ಶತಮಾನದ ಬ್ರಿಯೆನ್ನಿನ ಜಾನ್ ಇನ್ನೂ ಸ್ಪಷ್ಟ ಉದಾಹರಣೆ. 1210ರಲ್ಲಿ ಜೆರುಸಲೇಮಿನ ರಾಣಿ ಮರಿಯಾಳ ಕೈಹಿಡಿದು ರಾಜನಾದ. 1212ರಲ್ಲಿ ಅವಳು ಸತ್ತಳು. ಮಗಳ ಹೆಸರಿನಲ್ಲಿ ಆಳುತ್ತ ಬಂದ. 1225ರಲ್ಲಿ ಆ ಮಗಳನ್ನು ಚಕ್ರವರ್ತಿ ಎರಡನೇ ಫ್ರೆಡರಿಕನಿಗೆ ಕೊಟ್ಟ. ಮದುವೆಯಾದ ತಕ್ಷಣ ಫ್ರೆಡರಿಕ್, ಇನ್ನು ರಾಜ ನಾನು ಎಂದು ಮಾವನನ್ನು ಪಕ್ಕಕ್ಕೆ ಸರಿಸಿದ. ಜಾನನ ಸಾಮರ್ಥ್ಯದ ಬಗ್ಗೆ ಯಾರಿಗೂ ಸಂದೇಹವಿರಲಿಲ್ಲ. ಮುಂದೆ ಅವನೇ ಕಾನ್‌ಸ್ಟಾಂಟಿನೋಪಲಿನ ಲ್ಯಾಟಿನ್ ಚಕ್ರವರ್ತಿಯಾದ. ಆದರೂ ಬಂದ ದಾರಿಯಲ್ಲೇ ಕಿರೀಟ ಹೊರಟುಹೋಯಿತು.

ಕೊನೆಯ ಆಕ್ಷೇಪ ಸರಳವಾದದ್ದು: ಇಷ್ಟೆಲ್ಲ ಯಾಕೆ, ಗೀ ಸುಮ್ಮನೆ ದುರ್ಬಲ ಮನಸ್ಸಿನವನು ಎಂದರಾಯಿತಲ್ಲ? ಹಾಗೆನ್ನುವವರು 1189ನ್ನು ವಿವರಿಸಬೇಕು. ಸೆರೆಯಿಂದ ಬಿಡುಗಡೆಯಾಗಿ ಬಂದ ಗೀಗೆ, ರಾಜ್ಯದಲ್ಲಿ ಉಳಿದಿದ್ದ ಒಂದೇ ಮುಖ್ಯ ಪಟ್ಟಣ ಟೈರ್ ಬಾಗಿಲು ತೆರೆಯಲಿಲ್ಲ. ಅದನ್ನು ಕಾಪಾಡಿದ್ದ ಮೊಂಫೆರಾತಿನ ಕಾನ್ರಾಡ್ ಇವನನ್ನು ರಾಜನೆಂದೇ ಎಣಿಸಲಿಲ್ಲ. (ಸಿಬಿಲ್ಲಾಳ ಮೊದಲ ಗಂಡನ ತಮ್ಮ ಈ ಕಾನ್ರಾಡ್. ಅಸ್ಕಲಾನಿನ ಬಾಗಿಲು ಗೀಗೆ ನೆನಪಾಗಿರಲೂಬಹುದು.) ಗೀ ಅಲ್ಲಿ ಕೂತು ಅಳಲಿಲ್ಲ. ಆಗಸ್ಟ್ ಕೊನೆಗೆ ಚಿಕ್ಕದೊಂದು ದಂಡು, ಪೀಸಾದವರ ಹಡಗುಗಳ ಬೆಂಬಲ ಇಷ್ಟನ್ನೇ ಕಟ್ಟಿಕೊಂಡು ಹೋಗಿ ಆಕ್ರೆಯನ್ನು ಮುತ್ತಿದ. ಊರಿನ ಕಾವಲುಪಡೆ ಮುಂದೆ, ಸಲಾದಿನನ ಸೇನೆ ಬೆನ್ನಿಗೆ. ಅಲ್ಲಿ ಕಚ್ಚಿಕೊಂಡು ಕೂತ. ಎರಡು ವರ್ಷ ಕೂತ. ಫ್ರಾನ್ಸಿನ ರಾಜ ಫಿಲಿಪ್, ಇಂಗ್ಲೆಂಡಿನ ರಾಜ ರಿಚರ್ಡ್ ಬಂದು ಸೇರಿದ್ದು ಈ ಮುತ್ತಿಗೆಗೇ. 1191ರ ಜುಲೈ 12ರಂದು ಆಕ್ರೆ ಬಿತ್ತು. ಮೂರನೇ ಕ್ರುಸೇಡಿಗೆ ನಿಲ್ಲಲು ನೆಲ ಸಿಕ್ಕಿದ್ದು ‘ಅಲ್ಪಮತಿ’ಯ ಈ ಒಂದು ಸಾಹಸದಿಂದ. ಕಳೆದುಕೊಳ್ಳಲು ಸಿಂಹಾಸನವೇ ಇಲ್ಲದಾಗ ಅವನು ತಾನು ಸರಿಯೆಂದುಕೊಂಡದ್ದನ್ನು ಮಾಡಿದ, ಕಾಯುವ ಧೈರ್ಯವನ್ನೂ ತೋರಿದ. ಹಾಗೆಂದು ಹತ್ತೀನಿನ ಹೊಣೆಯಿಂದ ಅವನನ್ನು ಬಿಡಿಸಲು ಬಾರದು. ಆಜ್ಞೆ ಅವನದು, ಸತ್ತವರು ಅವನನ್ನು ನಂಬಿ ನಡೆದವರು. ಅವನು ಯಾಕೆ ಹಾಗೆ ಮಾಡಿದ ಎಂಬುದಕ್ಕೆ ದಡ್ಡತನ ಎಂಬ ಉತ್ತರ ಸಾಲದು, ಅಷ್ಟೇ.

ಆಕ್ರೆಯ ಬೀಡಿನಲ್ಲೇ ಅವನ ಕಿರೀಟದ ನಿಜವಾದ ಒಡತಿ ತೀರಿಕೊಂಡಳು. 1190ರಲ್ಲಿ ಪಾಳೆಯಕ್ಕೆ ಬಡಿದ ರೋಗದಲ್ಲಿ ಸಿಬಿಲ್ಲಾ ಹೋದಳು, ಇಬ್ಬರು ಪುಟ್ಟ ಹೆಣ್ಣುಮಕ್ಕಳೂ ಹೋದರು. ಹಕ್ಕು ತಂಗಿ ಇಸಬೆಲ್ಲಾಳಿಗೆ ಸರಿಯಿತು ಎಂದು ಸರದಾರರು ಲೆಕ್ಕ ಹಾಕಿದರು. ಹಂಫ್ರಿಯೊಂದಿಗಿನ ಅವಳ ಮದುವೆ ಎಳೆಯ ವಯಸ್ಸಿನಲ್ಲಿ ಆದದ್ದು, ಹಾಗಾಗಿ ಅಸಿಂಧು ಎಂದು ಮುರಿಸಿ, ಅವಳಿಗೆ ಮನಸ್ಸಿಲ್ಲದಿದ್ದರೂ ನವೆಂಬರ್ 24ರಂದು ಕಾನ್ರಾಡನಿಗೆ ಕಟ್ಟಿದರು. 1192ರ ಏಪ್ರಿಲ್ 28ರಂದು ಕಾನ್ರಾಡ್ ಕೊಲೆಯಾದ. ಒಂದು ವಾರ ಕಳೆಯುವಷ್ಟರಲ್ಲಿ ಅವಳನ್ನು ಶಾಂಪೇನಿನ ಹೆನ್ರಿಗೆ ಕೊಟ್ಟರು. 1197ರಲ್ಲಿ ಹೆನ್ರಿ ಆಕ್ರೆಯ ಕಿಟಕಿಯಿಂದ ಬಿದ್ದು ಸತ್ತ. ನಾಲ್ಕನೆಯ ಗಂಡನಾಗಿ ಬಂದವನು ಬೇರಾರೂ ಅಲ್ಲ, ಗೀಯ ಅಣ್ಣ ಎಮೆರಿ. ಗೀಯ ಪ್ರಕರಣವನ್ನು ಅವನ ಸ್ವಭಾವದ ಕಥೆಯೆಂದು ಓದುವವರು ಇಸಬೆಲ್ಲಾಳ ಈ ನಾಲ್ಕು ಮದುವೆಗಳನ್ನೂ ಒಮ್ಮೆ ನೋಡಬೇಕು. ಗಂಡಂದಿರು ಬಂದರು, ಹೋದರು, ಕಿರೀಟ ಅವಳ ಬಳಿಯೇ ಇತ್ತು. ಅವಳಿಗೆ ಮಾತ್ರ ಅದನ್ನು ಯಾರಿಗೆ ಕೊಡಬೇಕೆಂದು ಹೇಳುವ ಬಾಯಿರಲಿಲ್ಲ. ಅಕ್ಕ 1186ರಲ್ಲಿ ಚರ್ಚಿನೊಳಗೆ ಕಿತ್ತುಕೊಂಡದ್ದು ಆ ಬಾಯನ್ನೇ.

ಜೆರುಸಲೇಮಿನ ಹಕ್ಕು ಹೋದ ಗೀಗೆ 1192ರಲ್ಲಿ ಸೈಪ್ರಸ್ ಸಿಕ್ಕಿತು. ರಿಚರ್ಡ್ ದಾರಿಯಲ್ಲಿ ಗೆದ್ದಿದ್ದ ಆ ದ್ವೀಪವನ್ನು 1,00,000 ಬೆಜಾಂಟ್ ಚಿನ್ನದ ನಾಣ್ಯಕ್ಕೆ ಟೆಂಪ್ಲರುಗಳಿಗೆ ಮಾರಿದ್ದ. ಅವರು 40,000 ಕೊಟ್ಟು, ಜನರ ದಂಗೆಗೆ ಬೆದರಿ ಕೈಬಿಟ್ಟರು. ಗೀ ಅದನ್ನು ಹಣಕ್ಕೆ ಕೊಂಡ. ನೆಲೆ ಕಳೆದುಕೊಂಡು ಬಂದಿದ್ದ ಯೋಧರನ್ನೂ ಪಟ್ಟಣಿಗರನ್ನೂ ಕರೆದು ಧಾರಾಳವಾಗಿ ಭೂಮಿ ಹಂಚಿದ. ಇಲ್ಲಿ ಅವನಿಗೆ ಹೆಂಡತಿಯ ಹಂಗಿರಲಿಲ್ಲ. ಅವನ ಮಾತಿಗೆ ಎದುರಾಡುವ ಹಳೆಯ ಸರದಾರರೂ ಇರಲಿಲ್ಲ. ಎರಡು ವರ್ಷ ಆಳಿ 1194ರಲ್ಲಿ ತೀರಿಕೊಂಡ. ಮಕ್ಕಳಿಲ್ಲದ್ದರಿಂದ ದ್ವೀಪ ಅಣ್ಣನ ಪಾಲಾಯಿತು. ಎಮೆರಿಯ ಕಾಲದಲ್ಲಿ, 1197ರಲ್ಲಿ, ಅದಕ್ಕೆ ರಾಜ್ಯದ ಪದವಿ ಬಂತು. ಗೀ ಹಣ ಕೊಟ್ಟು ಕೊಂಡ ಆ ನೆಲವನ್ನು ಲುಸಿನ್ಯಾನ್ ಮನೆತನ ಸುಮಾರು 280 ವರ್ಷ ಆಳಿತು. ಅದರ ಕೊನೆಯ ದೊರೆ, ಒಂದು ವರ್ಷದ ಕೂಸು, 1474ರಲ್ಲಿ ಸತ್ತಾಗ ಕಿರೀಟ ಅವನ ತಾಯಿ, ವೆನಿಸ್‌ನಿಂದ ಮದುವೆಯಾಗಿ ಬಂದಿದ್ದ ಕತೆರೀನಾ ಕೊರ್ನಾರೊಗೆ ಉಳಿಯಿತು. 1489ರಲ್ಲಿ ಆಕೆ ದ್ವೀಪವನ್ನು ತನ್ನ ತವರಿಗೆ ಬರೆದುಕೊಟ್ಟಳು.